ವಿಂಡೋಸ್ 11ರಿಂದ 10ಕ್ಕೆ ಮರಳಿದ ಮೇಲೆ ಲ್ಯಾಪ್‌ಟಾಪ್ ಮೂಕ: ರಿಯಲ್‌ಟೆಕ್ ಡ್ರೈವರ್ ಹಾಕಿದರೂ ಸೌಂಡ್ ಇಲ್ಲ

ಮೂಕಪೆಟ್ಟಿಗೆ

11ನೇ ತಲೆಮಾರಿನ ಇಂಟೆಲ್ ಐ5 ಲ್ಯಾಪ್‌ಟಾಪ್. ಅದರೊಂದಿಗೆ ಬಂದದ್ದು ವಿಂಡೋಸ್ 11. ಪೆನ್‌ಡ್ರೈವ್‌ನಿಂದ ಪೂರ್ತಿ ಫಾರ್ಮ್ಯಾಟ್ ಮಾಡಿ ವಿಂಡೋಸ್ 10 (22ಎಚ್2) ಹಾಕಲಾಗಿದೆ. ಈಗಿನ ಸ್ಥಿತಿ:

ಕೆಳಗಿನ ಸ್ಪೀಕರ್ ಚಿಹ್ನೆಯ ಮೇಲೆ ಕೆಂಪು ಅಡ್ಡಗುರುತು. ಮೌಸ್ ಒಯ್ದರೆ 'ನೋ ಆಡಿಯೋ ಔಟ್‌ಪುಟ್ ಡಿವೈಸ್ ಈಸ್ ಇನ್‌ಸ್ಟಾಲ್ಡ್' ಎಂಬ ಸಂದೇಶ. ರಿಯಲ್‌ಟೆಕ್ ಸೆಟಪ್ ಯಾವ ತಕರಾರೂ ಇಲ್ಲದೆ ಮುಗಿಯಿತು, ರೀಸ್ಟಾರ್ಟ್ ಆಯಿತು, ಬದಲಾವಣೆ ಸೊನ್ನೆ. ವೈರಿನ ಇಯರ್‌ಫೋನ್‌ನಲ್ಲೂ ಇಲ್ಲ. ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಮಾತ್ರ ಬರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ 'ಅದರ್ ಡಿವೈಸಸ್' ಅಡಿ 'ಮಲ್ಟಿಮೀಡಿಯಾ ಆಡಿಯೋ ಕಂಟ್ರೋಲರ್' ಎಂದು ಹಳದಿ ಗುರುತಿನೊಂದಿಗೆ ಕೂತಿದೆ. ಟ್ರಬಲ್‌ಶೂಟರ್ ಓಡಿಸಿದ್ದು, ಆಡಿಯೋ ಸರ್ವಿಸ್ ನಿಲ್ಲಿಸಿ ಮತ್ತೆ ಶುರು ಮಾಡಿದ್ದು ಎರಡೂ ವ್ಯರ್ಥ.

ಸೌಂಡ್ ಚಿಪ್ ಕೆಟ್ಟಿದೆಯೇ, ಇಲ್ಲ ವಿಂಡೋಸ್ 10ಕ್ಕೆ ಈ ಯಂತ್ರ ಒಗ್ಗುವುದಿಲ್ಲವೇ?

ಶ್ರುತಿಪೆಟ್ಟಿಗೆ

ಎರಡೂ ಅಲ್ಲ. ಬ್ಲೂಟೂತ್‌ನಲ್ಲಿ ಸೌಂಡ್ ಬರುತ್ತಿದೆ ಎಂದಮೇಲೆ ವಿಂಡೋಸ್‌ನ ಆಡಿಯೋ ಸರ್ವಿಸ್ ಸರಿಯಾಗೇ ಇದೆ. ಟ್ರಬಲ್‌ಶೂಟರ್, ಸರ್ವಿಸ್ ಎಲ್ಲ ಇನ್ನು ಮರೆತುಬಿಡಿ. ಸಮಸ್ಯೆ ಇರುವುದು ಅದಕ್ಕಿಂತ ಕೆಳಗೆ.

ಲ್ಯಾಪ್‌ಟಾಪಿನ ಸೌಂಡ್ ಒಂದೇ ಚಿಪ್‌ನ ಕೆಲಸವಲ್ಲ. ಇಂಟೆಲ್ ಚಿಪ್‌ಸೆಟ್‌ನೊಳಗೆ ಆಡಿಯೋ ಕಂಟ್ರೋಲರ್ ಇರುತ್ತದೆ. ಅದರಿಂದ ಒಂದು ಕೊಂಡಿ ರಿಯಲ್‌ಟೆಕ್ ಕೋಡೆಕ್‌ಗೆ (ಅಂಕಿಗಳನ್ನು ಸದ್ದಿನ ಸಂಕೇತವಾಗಿಸುವ ಚಿಪ್) ಹೋಗುತ್ತದೆ. ಅಲ್ಲಿಂದ ಆಂಪ್ಲಿಫೈಯರ್, ಆಮೇಲೆ ಸ್ಪೀಕರ್. ಕಂಟ್ರೋಲರ್‌ಗೆ ಡ್ರೈವರ್ ಇಲ್ಲದಿದ್ದರೆ ಅದರ ಹಿಂದೆ ರಿಯಲ್‌ಟೆಕ್ ಚಿಪ್ ಇದೆ ಎಂಬುದೇ ವಿಂಡೋಸ್‌ಗೆ ಗೊತ್ತಾಗುವುದಿಲ್ಲ. ರಿಯಲ್‌ಟೆಕ್ ಸೆಟಪ್ ತನ್ನ ಫೈಲುಗಳನ್ನು ಡಿಸ್ಕಿಗೆ ಹಾಕಿ 'ಮುಗಿಯಿತು' ಎನ್ನುತ್ತದೆ, ಆದರೆ ಅಂಟಿಕೊಳ್ಳಲು ಸಾಧನವೇ ಇರುವುದಿಲ್ಲ. ಬಾವಿಗೆ ಹಗ್ಗವೇ ಇಲ್ಲ, ನೀವು ಕೊಡ ತೊಳೆಯುತ್ತಿದ್ದೀರಿ.

ಹಾಗಾದರೆ ಮೊದಲು ಹೇಗೆ ಸರಿ ಇತ್ತು? ಕಂಪನಿ ಹಾಕಿ ಕಳಿಸಿದ ವಿಂಡೋಸ್‌ನಲ್ಲಿ ಇಂಟೆಲ್ ಸ್ಮಾರ್ಟ್ ಸೌಂಡ್ ಟೆಕ್ನಾಲಜಿ (ಎಸ್‌ಎಸ್‌ಟಿ) ಡ್ರೈವರ್ ಸೇರಿಸಿದ್ದರು. ಫಾರ್ಮ್ಯಾಟ್ ಆದಾಗ ಅದೂ ಹೋಯಿತು. ಮೈಕ್ರೋಸಾಫ್ಟ್‌ನ ಇನ್‌ಸ್ಟಾಲರ್‌ನಲ್ಲಿ ಅದು ಇರುವುದಿಲ್ಲ.

ಖಚಿತಪಡಿಸಿಕೊಳ್ಳಲು ಆ ಹಳದಿ ಗುರುತಿನ ಸಾಧನದ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್ ಟ್ಯಾಬ್, ಪ್ರಾಪರ್ಟಿ ಪಟ್ಟಿಯಲ್ಲಿ 'ಹಾರ್ಡ್‌ವೇರ್ ಐಡಿಸ್'. ನಾಲ್ಕೈದು ಸಾಲು ಬರುತ್ತವೆ. ಎರಡು ಸಂಗತಿ ನೋಡಿ: 'ಡೆವ್' ನಂತರದ ನಾಲ್ಕು ಅಕ್ಷರ, ಮತ್ತು ಕೆಳಗಿನ ಸಾಲುಗಳಲ್ಲಿ 'ಸಿಸಿ' ನಂತರದ ಅಂಕಿ.

ಸಿಸಿ ಎಂದರೆ ಸಾಧನ ತನ್ನ ಜಾತಿಯನ್ನು ತಾನೇ ಹೇಳಿಕೊಳ್ಳುವ ಸಂಖ್ಯೆ. 0403 ಇದ್ದರೆ ಸಾಮಾನ್ಯ ಹೈ ಡೆಫಿನಿಷನ್ ಆಡಿಯೋ. ವಿಂಡೋಸ್‌ನಲ್ಲೇ ಇರುವ ಡ್ರೈವರ್ ತಾನಾಗಿ ಹಿಡಿದುಕೊಳ್ಳುತ್ತದೆ. 0401 ಇದ್ದರೆ ಬಯಾಸ್ ಒಳಗಿನ ಡಿಎಸ್‌ಪಿಯನ್ನು (ಸದ್ದಿನ ಸಂಕೇತ ಸಂಸ್ಕರಿಸಲೆಂದೇ ಇರುವ ಪುಟ್ಟ ಪ್ರೊಸೆಸರ್) ಆನ್ ಮಾಡಿದೆ ಎಂದರ್ಥ. ಪರದೆಯ ಮೇಲ್ಅಂಚಿನಲ್ಲಿ ಎರಡು ಅಥವಾ ನಾಲ್ಕು ಡಿಜಿಟಲ್ ಮೈಕ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಹೀಗೆ. ಇದಕ್ಕೆ ವಿಂಡೋಸ್ ಬಳಿ ಸ್ವಂತ ಡ್ರೈವರ್ ಇಲ್ಲ. ಅದಕ್ಕೇ 'ಮಲ್ಟಿಮೀಡಿಯಾ ಆಡಿಯೋ ಕಂಟ್ರೋಲರ್' ಎಂಬ ಹೆಸರಿಟ್ಟು ಕೈಬಿಡುತ್ತದೆ.

ಐಡಿ ಇಲ್ಲಿ ಹಾಕಿ.

ಮೂಕಪೆಟ್ಟಿಗೆ

ಪಿಸಿಐ, ವೆನ್ 8086, ಡೆವ್ ಎ0ಸಿ8. ಕೊನೆಯ ಸಾಲಿನಲ್ಲಿ ಸಿಸಿ 0401. ಜನರಲ್ ಟ್ಯಾಬ್‌ನಲ್ಲಿ ಕೋಡ್ 28 ಎಂದಿದೆ. ಇನ್ನೊಂದು ವಿಷಯ, ವೈಫೈ ಕೂಡ ಇಲ್ಲ.

ಶ್ರುತಿಪೆಟ್ಟಿಗೆ

8086 ಇಂಟೆಲ್, ಎ0ಸಿ8 ಎಂದರೆ ಟೈಗರ್ ಲೇಕ್‌ನ (ಇಂಟೆಲ್ 11ನೇ ತಲೆಮಾರಿನ ಸಂಕೇತನಾಮ) ಎಸ್‌ಎಸ್‌ಟಿ ಕಂಟ್ರೋಲರ್. ಕೋಡ್ 28ರ ಅರ್ಥ ಡ್ರೈವರ್ ಇಲ್ಲ ಎಂದಷ್ಟೇ, ಕೆಟ್ಟಿದೆ ಎಂದಲ್ಲ. ಬೇರೆ ಯಂತ್ರದವರು ಓದುತ್ತಿದ್ದರೆ: 9ಡಿ71 ಕೇಬಿ ಲೇಕ್, 9ಡಿಸಿ8 ವಿಸ್ಕಿ ಲೇಕ್ ಕಾಲದ್ದು, 34ಸಿ8 ಐಸ್ ಲೇಕ್, 02ಸಿ8 ಕಾಮೆಟ್ ಲೇಕ್, 51ಸಿ8 ಆಲ್ಡರ್ ಲೇಕ್. ಎಲ್ಲದಕ್ಕೂ ದಾರಿ ಒಂದೇ, ಪ್ಯಾಕೇಜ್ ಬೇರೆ.

ವೈಫೈ ಇಲ್ಲದ್ದಕ್ಕೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರೂ ಬೇಡ. ನೆಟ್ ಬಂದ ಕೂಡಲೇ ಸೆಟ್ಟಿಂಗ್ಸ್, ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ, ವಿಂಡೋಸ್ ಅಪ್‌ಡೇಟ್, 'ವ್ಯೂ ಆಪ್ಷನಲ್ ಅಪ್‌ಡೇಟ್ಸ್', ಅದರಲ್ಲಿ 'ಡ್ರೈವರ್ ಅಪ್‌ಡೇಟ್ಸ್' ತೆರೆದು ನೋಡಿ. ಇಂಟೆಲ್ ಹೆಸರಿನ 'ಸಿಸ್ಟಮ್' ಅಥವಾ 'ಮೀಡಿಯಾ' ಸಾಲುಗಳಿದ್ದರೆ ಟಿಕ್ ಮಾಡಿ ಹಾಕಿಕೊಳ್ಳಿ. ಎಷ್ಟೋ ಯಂತ್ರಗಳ ಕೆಲಸ ಇಷ್ಟರಲ್ಲೇ ಮುಗಿಯುತ್ತದೆ. ಜನ ಈ ಪುಟ ತೆರೆಯುವುದೇ ಇಲ್ಲ.

ಅಲ್ಲಿ ಸಿಗದಿದ್ದರೆ ಲ್ಯಾಪ್‌ಟಾಪ್ ತಯಾರಕರ ಸಪೋರ್ಟ್ ಪುಟಕ್ಕೆ ಹೋಗಿ. ಮಾದರಿಯ ಹೆಸರಿಗಿಂತ ತಳಭಾಗದ ಸೀರಿಯಲ್ ನಂಬರ್ ಹಾಕುವುದು ಒಳ್ಳೆಯದು. ಒಂದೇ ಹೆಸರಿನ ಮಾದರಿಯಲ್ಲಿ ಎರಡು ಮೂರು ಬಗೆಯ ಆಡಿಯೋ ಬೋರ್ಡ್ ಇರುತ್ತವೆ. ಇಳಿಸಿಕೊಳ್ಳಬೇಕಾದ್ದು ನಾಲ್ಕು, ಹಾಕುವ ಕ್ರಮವೂ ಇದೇ:

1. ಇಂಟೆಲ್ ಚಿಪ್‌ಸೆಟ್
2. ಇಂಟೆಲ್ ಸೀರಿಯಲ್ ಐಒ
3. ಇಂಟೆಲ್ ಎಸ್‌ಎಸ್‌ಟಿ (ಕೆಲವು ತಯಾರಕರು ಇದನ್ನು ರಿಯಲ್‌ಟೆಕ್ ಪ್ಯಾಕೇಜ್‌ನೊಳಗೇ ಇಟ್ಟಿರುತ್ತಾರೆ)
4. ರಿಯಲ್‌ಟೆಕ್ ಆಡಿಯೋ

ಈಗ ಹಾಕಿರುವ ಅರೆಬೆಂದ ರಿಯಲ್‌ಟೆಕ್ ಅನ್ನು ಮೊದಲು 'ಆ್ಯಪ್ಸ್ ಆ್ಯಂಡ್ ಫೀಚರ್ಸ್'ನಿಂದ ತೆಗೆಯಿರಿ. ಮೂರನೆಯದು ಹಾಕಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ, ಡಿವೈಸ್ ಮ್ಯಾನೇಜರ್‌ನ 'ಸಿಸ್ಟಮ್ ಡಿವೈಸಸ್' ಒಳಗೆ ಇಂಟೆಲ್ ಸ್ಮಾರ್ಟ್ ಸೌಂಡ್ ಹೆಸರು ಬಂತೇ ನೋಡಿ. ಬಂದಿದ್ದರೆ ಹಗ್ಗ ಸಿಕ್ಕಿತು. ಆಗಷ್ಟೇ ನಾಲ್ಕನೆಯದಕ್ಕೆ ಕೈ ಹಾಕಿ. ಈ ಹಂತದಲ್ಲಿ ಕೋಡೆಕ್‌ನ ಹಾರ್ಡ್‌ವೇರ್ ಐಡಿ 'ಎಚ್‌ಡಿಆಡಿಯೋ' ಬದಲು 'ಇಂಟೆಲ್‌ಆಡಿಯೋ' ಎಂದು ಶುರುವಾಗುತ್ತದೆ, ವೆನ್ 10ಇಸಿ ಎಂದಿರುತ್ತದೆ. 10ಇಸಿ ಅಂದರೆ ರಿಯಲ್‌ಟೆಕ್.

ಗಾಳಿಪಟ_ಹಾವೇರಿ

ಸರ್, ನನ್ನ ಮಾದರಿಯ ಪುಟದಲ್ಲಿ ವಿಂಡೋಸ್ 11ರ ಡ್ರೈವರ್ ಮಾತ್ರ ಇದೆ, 10ರ ಆಯ್ಕೆಯೇ ಕಾಣುವುದಿಲ್ಲ. ಸೆಟಪ್ ಓಡಿಸಿದರೆ ಈ ಪ್ಲಾಟ್‌ಫಾರ್ಮ್‌ಗೆ ಬೆಂಬಲವಿಲ್ಲ ಎನ್ನುತ್ತದೆ. ಯಾವುದಾದರೂ ಡ್ರೈವರ್ ಅಪ್‌ಡೇಟರ್ ತಂತ್ರಾಂಶ ಬಳಸಬಹುದೇ?

ಶ್ರುತಿಪೆಟ್ಟಿಗೆ

ಬೇಡ. ಅಪ್‌ಡೇಟರ್‌ಗಳು ಬಹುಪಾಲು ವೆನ್, ಡೆವ್ ಎರಡನ್ನು ನೋಡಿ ಹತ್ತಿರದ ಪ್ಯಾಕೇಜ್ ತಂದು ತುರುಕುತ್ತವೆ. ಕೋಡೆಕ್ ವಿಷಯದಲ್ಲಿ ಮುಖ್ಯವಾದದ್ದು ಮೂರನೆಯದು, 'ಸಬ್‌ಸಿಸ್' ಸಂಖ್ಯೆ. ರಿಯಲ್‌ಟೆಕ್‌ನ ಒಂದೇ ಚಿಪ್‌ನ ಯಾವ ಪಿನ್ ಸ್ಪೀಕರ್‌ಗೆ, ಯಾವುದು ಜ್ಯಾಕ್‌ಗೆ ಹೋಗಿದೆ ಎಂಬುದು ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ. ತಪ್ಪು ಸಬ್‌ಸಿಸ್‌ನ ಡ್ರೈವರ್ ಕೂತರೆ ಇಯರ್‌ಫೋನ್ ಕೇಳುತ್ತದೆ, ಸ್ಪೀಕರ್ ಕೇಳುವುದಿಲ್ಲ. ಅಥವಾ ಪ್ಲಗ್ ತೆಗೆದಾಗ ಹಾಕಿದಂತೆ ತಿಳಿಯುತ್ತದೆ.

'ಬೆಂಬಲವಿಲ್ಲ' ಎನ್ನುವುದು ಹಲವು ಸಲ ಸೆಟಪ್ ಫೈಲಿನ ಮಾತು, ಡ್ರೈವರ್‌ನ ಮಾತಲ್ಲ. ಸೆಟಪ್ ಫೈಲನ್ನು 7-ಝಿಪ್‌ನಿಂದ ಬಿಚ್ಚಿ ಒಂದು ಫೋಲ್ಡರಿಗೆ ಹಾಕಿ. ಒಳಗೆ ಐಎನ್‌ಎಫ್ ಫೈಲುಗಳಿರುತ್ತವೆ (ಡ್ರೈವರ್ ಯಾವ ಸಾಧನಕ್ಕೆ, ಯಾವ ವಿಂಡೋಸ್‌ಗೆ ಎಂದು ಹೇಳುವ ಪಠ್ಯ ಕಡತಗಳು). ಎಸ್‌ಎಸ್‌ಟಿಯದ್ದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು 'ಮ್ಯಾನುಫ್ಯಾಕ್ಚರರ್' ವಿಭಾಗ ಹುಡುಕಿ. ಅಲ್ಲಿ 'ಎನ್‌ಟಿಎಎಂಡಿ64.10.0' ಎಂಬ ಪದ, ಅದರ ಹಿಂದೆ ಚುಕ್ಕೆಗಳು, ಕೊನೆಗೆ ಐದು ಅಂಕಿಯ ಸಂಖ್ಯೆ ಕಾಣುತ್ತದೆ. ಅದು ಬೇಕಾದ ಕನಿಷ್ಠ ಬಿಲ್ಡ್, ಅಂದರೆ ವಿಂಡೋಸ್‌ನ ಒಳ ಆವೃತ್ತಿ ಸಂಖ್ಯೆ. ವಿಂಡೋಸ್ 10 22ಎಚ್2 ಎಂದರೆ 19045. ಐಎನ್‌ಎಫ್‌ನಲ್ಲಿ 16299 ಅಥವಾ 17763 ಇದ್ದರೆ ಕಣ್ಣು ಮುಚ್ಚಿ ಹಾಕಬಹುದು, 11ರ ಪುಟದಿಂದ ಬಂದಿದ್ದರೂ. 22000 ಅಥವಾ 22621 ಇದ್ದರೆ ಅದು ನಿಜಕ್ಕೂ 11ಕ್ಕೇ ಮೀಸಲು.

ಹಾಕುವ ಬಗೆ: ಹಳದಿ ಗುರುತಿನ ಸಾಧನ, ಅಪ್‌ಡೇಟ್ ಡ್ರೈವರ್, 'ಬ್ರೌಸ್ ಮೈ ಕಂಪ್ಯೂಟರ್', ಬಿಚ್ಚಿದ ಫೋಲ್ಡರ್ ತೋರಿಸಿ, 'ಇನ್‌ಕ್ಲೂಡ್ ಸಬ್‌ಫೋಲ್ಡರ್ಸ್' ಟಿಕ್ ಇರಲಿ.

22000 ಎಂದಿರುವುದನ್ನು ಅಳಿಸಿ 19041 ಎಂದು ಬರೆದುಬಿಟ್ಟರೆ ಆಯಿತಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗುವುದಿಲ್ಲ. ಐಎನ್‌ಎಫ್‌ನ ಒಂದು ಅಕ್ಷರ ಬದಲಾದರೂ ಜೊತೆಗಿರುವ ಸಹಿಯ ಕ್ಯಾಟಲಾಗ್‌ಗೆ ಅದು ತಾಳೆಯಾಗದು, 64 ಬಿಟ್ ವಿಂಡೋಸ್ ಒಳಗೆ ಬಿಡದು. ಅದರ ಬದಲು ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತಾಣದಲ್ಲಿ ನಿಮ್ಮ ಹಾರ್ಡ್‌ವೇರ್ ಐಡಿಯನ್ನು ಅಂಟಿಸಿ ಹುಡುಕಿ. ಸಬ್‌ಸಿಸ್ ಸಮೇತ ಮೊದಲು, ಸಿಗದಿದ್ದರೆ ಡೆವ್‌ವರೆಗೆ ಮಾತ್ರ. ಕ್ಯಾಬ್ ಫೈಲ್ ಸಿಗುತ್ತದೆ. ಅದನ್ನೂ 7-ಝಿಪ್ ಬಿಚ್ಚುತ್ತದೆ.

ಫಾರ್ಮ್ಯಾಟ್ ಮಾಡದೆ ಅದೇ ಪಾರ್ಟಿಷನ್ ಮೇಲೆ 10 ಹಾಕಿದವರಿಗೆ ಇನ್ನೊಂದು ಗುಪ್ತನಿಧಿ ಇದೆ. ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್, ಅದರೊಳಗೆ ವಿಂಡೋಸ್, ಸಿಸ್ಟಮ್32, ಡ್ರೈವರ್‌ಸ್ಟೋರ್, ಫೈಲ್‌ರೆಪಾಸಿಟರಿ. ಹಳೆಯ ವಿಂಡೋಸ್‌ನ ಡ್ರೈವರ್‌ಗಳೆಲ್ಲ ಅಲ್ಲೇ ಮಲಗಿರುತ್ತವೆ. ಬ್ರೌಸ್‌ನಲ್ಲಿ ನೇರ ಆ ಫೋಲ್ಡರ್ ತೋರಿಸಿ. ಡಿಸ್ಕ್ ಕ್ಲೀನಪ್ ಓಡಿಸುವ ಮುಂಚೆ ಈ ಫೋಲ್ಡರನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.

ಪೇಡೆ_ಪ್ರಿಯ

ಇಲ್ಲಿ ಎರಡು ಬ್ಯಾರೆ ಬ್ಯಾರೆ ರೋಗ ಕೂಡಿಸಬ್ಯಾಡ್ರಿ. ಪೆನ್‌ಡ್ರೈವ್‌ಲೆ ಹಾಕಿದವರದು ಮ್ಯಾಲೆ ಹೇಳಿದ್ದು. ಆದ್ರ ಸೆಟ್ಟಿಂಗ್ಸ್‌ನ್ಯಾಗ ರಿಕವರಿ, 'ಗೋ ಬ್ಯಾಕ್' ಒತ್ತಿ 10ಕ್ಕ ಬಂದವರದು ಬ್ಯಾರೆ. ಆ ಬಟನ್ 11ಕ್ಕ ಹೋದ 10 ದಿನದಾಗ ಅಷ್ಟ ಕೆಲಸ ಮಾಡ್ತದ. ಅದರಾಗ ಹಳೇ ಡ್ರೈವರ್ ತಿರುಗಿ ಬಂದಿರ್ತಾವ, ಡಿವೈಸ್ ಮ್ಯಾನೇಜರ್‌ನ್ಯಾಗ ಹಳದಿ ಗುರುತು ಇರೂದಿಲ್ಲ, ಸ್ಪೀಕರ್ ಚಿಹ್ನೆ ಛಲೋ ಅದ, ಹಸಿರು ಪಟ್ಟಿ ಕುಣೀತದ. ಸೌಂಡ್ ಮಾತ್ರ ಇಲ್ಲ.

ಇದಕ್ಕ ನೋಡೂ ಕ್ರಮ ಹಿಂಗ:

ಮೊದ್ಲ ಹಳೇ ಸೌಂಡ್ ಕಿಟಕಿ ತಗೀರಿ. ವಿಂಡೋಸ್ ಕೀ ಜೊತಿ ಆರ್ ಒತ್ತಿ 'ಎಂಎಂಸಿಸ್ ಡಾಟ್ ಸಿಪಿಎಲ್' ಅಂತ ಇಂಗ್ಲಿಷ್ ಅಕ್ಷರದಾಗ ಬರೀರಿ (ಎಂ ಎಂ ಎಸ್ ವೈ ಎಸ್). ಪ್ಲೇಬ್ಯಾಕ್ ಟ್ಯಾಬ್‌ನ್ಯಾಗ ಖಾಲಿ ಜಾಗಾದ ಮ್ಯಾಲೆ ರೈಟ್ ಕ್ಲಿಕ್ ಮಾಡಿ 'ಶೋ ಡಿಸೇಬಲ್ಡ್ ಡಿವೈಸಸ್' ಟಿಕ್ ಮಾಡ್ರಿ. ಡೀಫಾಲ್ಟ್ ಅನ್ನೂದು ಎಚ್‌ಡಿಎಂಐ ಮಾನಿಟರ್ ಮ್ಯಾಲೆ ಹೋಗಿ ಕುಂತಿರ್ತದ. ಮಾನಿಟರ್‌ಗೆ ಸ್ಪೀಕರ್ ಇಲ್ಲದಿದ್ರೂ ಗ್ರಾಫಿಕ್ಸ್ ಡ್ರೈವರ್ ಅದನ್ನ ತೋರಸ್ತದ. ಸ್ಪೀಕರ್ಸ್ ಆರಿಸಿ 'ಸೆಟ್ ಡೀಫಾಲ್ಟ್' ಮಾಡ್ರಿ.

ಅದು ಸರಿ ಇದ್ರ ಪ್ರಾಪರ್ಟೀಸ್, ಎನ್‌ಹ್ಯಾನ್ಸ್‌ಮೆಂಟ್ಸ್ ಟ್ಯಾಬ್, 'ಡಿಸೇಬಲ್ ಆಲ್' ಟಿಕ್. ಡಾಲ್ಬಿ, ವೇವ್ಸ್ ಅಂಥಾ ಸೌಂಡ್ ಚಂದ ಮಾಡೂ ಪದರ ಅರ್ಧ ಹೋಗಿ ಅರ್ಧ ಉಳಿದ್ರ ಸದ್ದ ಅಲ್ಲೇ ಸಿಕ್ಕೊಂಡು ಸಾಯ್ತದ. 'ಫೇಲ್ಡ್ ಟು ಪ್ಲೇ ಟೆಸ್ಟ್ ಟೋನ್' ಬಂದ್ರ ಮೊದ್ಲ ಇದರ ಮ್ಯಾಲೆ ಸಂಶಯ ಪಡ್ರಿ. ಅಡ್ವಾನ್ಸ್ಡ್ ಟ್ಯಾಬ್‌ನ್ಯಾಗ 24 ಬಿಟ್, 48000 ಹರ್ಟ್ಜ್ ಮಾಡಿ ಟೆಸ್ಟ್ ಒತ್ತಿ ನೋಡ್ರಿ.

ರಿಯಲ್‌ಟೆಕ್ ಆಡಿಯೋ ಕನ್ಸೋಲ್ ತಗದ್ರ 'ಆರ್‌ಪಿಸಿ ಸರ್ವಿಸ್‌ಗೆ ಜೋಡಣೆ ಆಗಲಿಲ್ಲ' ಅಂತ ಬಂದ್ರ ಸರ್ವಿಸಸ್ ಪಟ್ಟಿಯೊಳಗ 'ರಿಯಲ್‌ಟೆಕ್ ಆಡಿಯೋ ಯೂನಿವರ್ಸಲ್ ಸರ್ವಿಸ್' ಅದ ಇಲ್ಲ ನೋಡ್ರಿ. ಇದ್ರ ಆಟೋಮ್ಯಾಟಿಕ್ ಮಾಡಿ ಶುರು ಮಾಡ್ರಿ. ಇಲ್ಲಾಂದ್ರ ಕನ್ಸೋಲ್ ಹೊಸಾ ನಮೂನಿದು, ಡ್ರೈವರ್ ಹಳೇ ನಮೂನಿದು. ಅವು ಎರಡೂ ಜೋಡಿ ಆಗೂದಿಲ್ಲ. ಹಳೇ ಡ್ರೈವರ್‌ಗೆ ಅದರದೇ ಎಚ್‌ಡಿ ಆಡಿಯೋ ಮ್ಯಾನೇಜರ್ ಬರ್ತದ, ಸ್ಟೋರ್‌ನ ಕನ್ಸೋಲ್ ಬೇಕಿಲ್ಲ. ಸೌಂಡ್‌ಗೆ ಕನ್ಸೋಲ್ ಕಡ್ಡಾಯ ಏನೂ ಅಲ್ಲ ಅನ್ನೂದು ನೆನಪಿರ್ಲಿ.

ಒಂದು ಎಚ್ಚರಿಕಿ. 'ಆಡಿಯೋ ಸರ್ವಿಸಸ್ ನಾಟ್ ರೆಸ್ಪಾಂಡಿಂಗ್' ಅಂದ್ರ ನೆಟ್‌ವರ್ಕ್‌ಸರ್ವಿಸ್, ಲೋಕಲ್‌ಸರ್ವಿಸ್ ಎರಡೂ ಖಾತೆಗಳನ್ನ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಸೇರಸ್ರಿ ಅಂತ ಒಂದು ಉಪಾಯ ವಿಡಿಯೋದೊಳಗೆಲ್ಲ ತಿರಗ್ತದ. ಸೌಂಡ್ ಬರಬಹುದು. ಆದ್ರ ಕಮ್ಮಿ ಅಧಿಕಾರ ಇರಬೇಕಾದ ಖಾತೆಗೆ ಮನಿ ಕೀಲಿ ಎಲ್ಲಾ ಕೊಟ್ಟಂಗ ಆಗ್ತದ ಅದು. ಅದರ ಬದ್ಲಿ ಅದೇ ಆವೃತ್ತಿಯ ವಿಂಡೋಸ್ 10 ಐಎಸ್‌ಒ ಒಳಗಿನ ಸೆಟಪ್ ಓಡಿಸಿ, 'ಕೀಪ್ ಫೈಲ್ಸ್ ಆ್ಯಂಡ್ ಆ್ಯಪ್ಸ್' ಆರಿಸಿ ರಿಪೇರಿ ಮಾಡ್ರಿ. ಫೈಲು, ತಂತ್ರಾಂಶ ಎಲ್ಲಾ ಇದ್ದಲ್ಲೇ ಇರ್ತಾವ, ಅನುಮತಿ ಸರಿ ಆಗ್ತಾವ.

ಬೆಸುಗೆಕಡ್ಡಿ

ಪೇಡೆ_ಪ್ರಿಯ ಅವರು ಹೇಳಿದ 'ಹಸಿರು ಪಟ್ಟಿ ಕುಣಿಯುತ್ತದೆ, ಸದ್ದಿಲ್ಲ' ಎಂಬುದಕ್ಕೆ ಇನ್ನೊಂದು ಕಾರಣವಿದೆ, ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಇದೇ ಹೆಚ್ಚು. ಪರೀಕ್ಷೆ ಸುಲಭ: ವೈರಿನ ಇಯರ್‌ಫೋನ್ ಹಾಕಿ. ಅದರಲ್ಲಿ ಕೇಳಿಸಿ ಸ್ಪೀಕರ್‌ನಲ್ಲಿ ಇಲ್ಲವೆಂದರೆ ಕೋಡೆಕ್‌ವರೆಗೆ ಎಲ್ಲ ಸರಿ, ಮಲಗಿರುವುದು ಆಂಪ್ಲಿಫೈಯರ್.

ಹಿಂದೆ ಆಂಪ್ಲಿಫೈಯರ್ ಎಂದರೆ ಕರೆಂಟ್ ಬಂದರೆ ಸಾಕು, ಕೆಲಸ ಮಾಡುತ್ತಿತ್ತು. ಈಗಿನ ಸ್ಮಾರ್ಟ್ ಆಂಪ್‌ಗಳಿಗೆ (ಸಿರಸ್ ಲಾಜಿಕ್‌ನ ಸಿಎಸ್35ಎಲ್41, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಎಸ್2781 ಇಂಥವು) ಪ್ರತಿ ಸಲ ಬೂಟ್ ಆದಾಗ ಫರ್ಮ್‌ವೇರ್ ತುಂಬಬೇಕು. ತುಂಬುವ ದಾರಿ ಐ2ಸಿ ಅಥವಾ ಎಸ್‌ಪಿಐ, ಚಿಪ್‌ಗಳ ನಡುವಿನ ಸಣ್ಣ ಕೊಂಡಿಗಳು. ಆ ದಾರಿಯನ್ನು ತೆರೆಯುವುದು ಸೀರಿಯಲ್ ಐಒ ಡ್ರೈವರ್. ಶ್ರುತಿಪೆಟ್ಟಿಗೆಯವರು ಪಟ್ಟಿಯಲ್ಲಿ ಎರಡನೆಯದಾಗಿ ಅದನ್ನು ಇಟ್ಟಿರುವುದು ಸುಮ್ಮನೆ ಅಲ್ಲ. ಸೀರಿಯಲ್ ಐಒ ಇಲ್ಲದೆ ಆಂಪ್ ಡ್ರೈವರ್ ಹಾಕಿದರೆ ರಿಯಲ್‌ಟೆಕ್‌ಗೆ ಆದ ಗತಿಯೇ ಅದಕ್ಕೂ.

ಆಂಪ್‌ನ ಡ್ರೈವರ್ ರಿಯಲ್‌ಟೆಕ್ ಪ್ಯಾಕೇಜ್‌ನಲ್ಲಿ ಇರಲೇಬೇಕೆಂದಿಲ್ಲ. ಸಪೋರ್ಟ್ ಪುಟದಲ್ಲಿ 'ಸ್ಮಾರ್ಟ್ ಆಂಪ್', 'ಸಿರಸ್' ಎಂಬ ಪ್ರತ್ಯೇಕ ಸಾಲು ಹುಡುಕಿ. ಡಿವೈಸ್ ಮ್ಯಾನೇಜರ್‌ನಲ್ಲಿ ಇದು 'ಅನ್‌ನೋನ್ ಡಿವೈಸ್' ಆಗಿ, ಹಾರ್ಡ್‌ವೇರ್ ಐಡಿ 'ಎಸಿಪಿಐ' ಎಂದು ಶುರುವಾಗಿ ಕೂತಿರುತ್ತದೆ. ಸೌಂಡ್ ಪಟ್ಟಿಯಲ್ಲಿ ಹಳದಿ ಗುರುತು ಇಲ್ಲವೆಂದು ಜನ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎಲ್ಲ ಹಾಕಿಯೂ ಎದ್ದೇಳದಿದ್ದರೆ ಚಾರ್ಜರ್ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು, ಬಿಟ್ಟು, ಮತ್ತೆ ಆನ್ ಮಾಡಿ. ಬರೀ ರೀಸ್ಟಾರ್ಟ್‌ನಲ್ಲಿ ಈ ಚಿಪ್‌ಗಳ ಕರೆಂಟ್ ಕಡಿತವಾಗುವುದಿಲ್ಲ, ಹಳೆಯ ವಿಂಡೋಸ್ ಬಿಟ್ಟುಹೋದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತವೆ.

ಡೆಸ್ಕ್‌ಟಾಪ್‌ನವರಿಗೆ ಒಂದೇ ಮಾತು. ಹಿಂದಿನ ಹಸಿರು ಜ್ಯಾಕ್‌ನಲ್ಲಿ ಬಂದು ಮುಂದಿನದರಲ್ಲಿ ಬರದಿದ್ದರೆ ಈಗ ಕೂತಿರುವುದು ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್. ಮದರ್‌ಬೋರ್ಡ್ ತಯಾರಕರ ರಿಯಲ್‌ಟೆಕ್ ಹಾಕಿ, ಅದರ ಮ್ಯಾನೇಜರ್‌ನಲ್ಲಿ ಮುಂಭಾಗದ ಜ್ಯಾಕ್ ಪತ್ತೆ ಮಾಡುವುದನ್ನು ಆಫ್ ಮಾಡಿ. ಹಳೆಯ ಕ್ಯಾಬಿನೆಟ್‌ಗಳ ಎಸಿ97 (ಹಳೆಯ ಆಡಿಯೋ ಮಾನದಂಡ) ಮಾದರಿಯ ವೈರಿನಲ್ಲಿ ಪ್ಲಗ್ ಹಾಕಿದ್ದು ಬೋರ್ಡ್‌ಗೆ ತಿಳಿಯುವುದಿಲ್ಲ.

ಅಕ್ಷರಜೋಡಣೆ

ಡಿಟಿಪಿ ಯಂತ್ರವೊಂದು. ಆಸ್ಕಿ ಫಾಂಟ್‌ನ ಹಳೆಯ ನುಡಿ ಕಡತಗಳಿಗಾಗಿ 10 ತೆಗೆದು ವಿಂಡೋಸ್ 7 (64 ಬಿಟ್) ಹಾಕಿದ್ದು. ರಿಯಲ್‌ಟೆಕ್ ಕೂರುತ್ತದೆ, ಆದರೆ ಕೋಡ್ 52. ಡಿಜಿಟಲ್ ಸಹಿ ಪರಿಶೀಲಿಸಲಾಗಲಿಲ್ಲ ಅಂತೆ. ಸಹಿ ಪರಿಶೀಲನೆ ಆಫ್ ಮಾಡಿ ಬೂಟ್ ಮಾಡಿದರೆ ಸೌಂಡ್ ಬರುತ್ತದೆ, ಮರುದಿನ ಮತ್ತೆ ಇಲ್ಲ.

ಬೆಸುಗೆಕಡ್ಡಿ

ಎಫ್8 ಒತ್ತಿ ಮಾಡುವ ಆ ಆಯ್ಕೆ ಒಂದು ಬೂಟ್‌ಗೆ ಮಾತ್ರ. ಮೂಲ ಕಾರಣ ಇದು: ಹೊಸ ಡ್ರೈವರ್‌ಗಳ ಸಹಿ ಎಸ್‌ಎಚ್‌ಎ-2 ಬಗೆಯದು, ಹಳೆಯ ಡಿಸ್ಕ್‌ನಿಂದ ಹಾಕಿದ ವಿಂಡೋಸ್ 7ಕ್ಕೆ ಅದನ್ನು ಓದಲು ಬರುವುದಿಲ್ಲ. ಸರ್ವಿಸ್ ಪ್ಯಾಕ್ 1 ಇರಲೇಬೇಕು. ಅದರ ಮೇಲೆ ಕೆಬಿ4490628 ಹಾಕಿ ರೀಸ್ಟಾರ್ಟ್, ಆಮೇಲೆ ಕೆಬಿ4474419 ಹಾಕಿ ರೀಸ್ಟಾರ್ಟ್. ಎರಡೂ ಅಪ್‌ಡೇಟ್ ಕ್ಯಾಟಲಾಗ್‌ನಲ್ಲಿವೆ, ಎಕ್ಸ್64 ಎಂದಿರುವುದನ್ನೇ ಇಳಿಸಿ. ಕ್ರಮ ತಿರುಗಿಸಬೇಡಿ. ನಂತರ ಕೋಡ್ 52 ತಾನಾಗಿ ಹೋಗುತ್ತದೆ.

ಏಳನೇ ತಲೆಮಾರಿನ ನಂತರದ ಇಂಟೆಲ್ ಯಂತ್ರವಾಗಿದ್ದರೆ ಎಚ್‌ಡಿಎಂಐ ಸೌಂಡ್‌ನ ಆಸೆ ಬಿಡಿ. ಅದು ಗ್ರಾಫಿಕ್ಸ್ ಡ್ರೈವರ್ ಜೊತೆಗೆ ಬರುವಂಥದ್ದು, ಅವಕ್ಕೆ ವಿಂಡೋಸ್ 7ರ ಗ್ರಾಫಿಕ್ಸ್ ಡ್ರೈವರನ್ನು ಇಂಟೆಲ್ ಕೊಟ್ಟಿಲ್ಲ.

ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ಇಡೀ ಯಂತ್ರವನ್ನು 7ಕ್ಕೆ ಇಳಿಸುವುದು ಬೇಕಿರಲಿಲ್ಲ. ಅದರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. 10ನ್ನೇ ಇಟ್ಟುಕೊಂಡು ವರ್ಚುವಲ್‌ಬಾಕ್ಸ್‌ನೊಳಗೆ 7 ಓಡಿಸಬಹುದು. ಅಲ್ಲೂ ಸೌಂಡ್ ಬರದಿದ್ದರೆ ಆ ಯಂತ್ರದ ಸೆಟ್ಟಿಂಗ್ಸ್, ಆಡಿಯೋ ವಿಭಾಗದಲ್ಲಿ ಕಂಟ್ರೋಲರ್ 'ಐಸಿಎಚ್ ಎಸಿ97' ಇದ್ದರೆ 'ಇಂಟೆಲ್ ಎಚ್‌ಡಿ ಆಡಿಯೋ' ಮಾಡಿ. 64 ಬಿಟ್ ವಿಂಡೋಸ್ 7ರಲ್ಲಿ ಎಸಿ97ಗೆ ಡ್ರೈವರ್ ಇಲ್ಲ.

ಕಡಲತಡಿ

ಲಿನಕ್ಸಿನಲ್ಲೂ ಇದೇ ಕತೆ ಮಾರಾಯ್ರೆ, ಹೆಸರು ಮಾತ್ರ ಬೇರೆ. ಉಬುಂಟು 24.04ರಿಂದ 20.04ಕ್ಕೆ ಇಳಿದವರಿಗೆ ಸೌಂಡ್ ಪಟ್ಟಿಯಲ್ಲಿ 'ಡಮ್ಮಿ ಔಟ್‌ಪುಟ್' ಒಂದೇ ಕಾಣುವುದುಂಟು. ಅದೇ ಡಿಎಸ್‌ಪಿ, ಅದೇ 0401. 20.04 ಮೊದಲು ಬಂದಾಗ ಇದ್ದದ್ದು 5.4 ಕರ್ನಲ್, ಟೈಗರ್ ಲೇಕ್‌ಗೆ ಅದು ಹಳತಾಯಿತು. ಎಚ್‌ಡಬ್ಲ್ಯುಇ (ಹೊಸ ಹಾರ್ಡ್‌ವೇರ್‌ಗಾಗಿ ಉಬುಂಟು ಕೊಡುವ) ಕರ್ನಲ್ ಹಾಕಿದರೆ 5.15 ಬರುತ್ತದೆ, ಫರ್ಮ್‌ವೇರ್ ಪ್ಯಾಕೇಜನ್ನೂ ಅಪ್‌ಡೇಟ್ ಮಾಡಿ, ಸಾಕು.

ಹಾಗೂ ಬರದಿದ್ದರೆ ಮಾಡ್‌ಪ್ರೋಬ್ ಫೋಲ್ಡರಿನ ಆಲ್ಸಾ ಕಡತದಲ್ಲಿ 'ಎಸ್‌ಎನ್‌ಡಿ-ಇಂಟೆಲ್-ಡಿಎಸ್‌ಪಿಸಿಎಫ್‌ಜಿ' ಮಾಡ್ಯೂಲಿಗೆ ಡಿಎಸ್‌ಪಿ ಡ್ರೈವರ್ ಬೆಲೆ 1 ಎಂದು ಕೊಟ್ಟು ರೀಬೂಟ್ ಮಾಡಿ. 1 ಅಂದರೆ ಹಳೇ ಎಚ್‌ಡಿಎ (ಹೈ ಡೆಫಿನಿಷನ್ ಆಡಿಯೋ) ದಾರಿ, 3 ಅಂದರೆ ಎಸ್‌ಒಎಫ್ (ಸೌಂಡ್ ಓಪನ್ ಫರ್ಮ್‌ವೇರ್), ಡಿಎಸ್‌ಪಿ ಬಳಸುವ ದಾರಿ. 1 ಕೊಟ್ಟರೆ ಸ್ಪೀಕರ್ ಬರಬಹುದು, ಪರದೆಯ ಮೇಲಿನ ಡಿಜಿಟಲ್ ಮೈಕ್ ಹೋಗುತ್ತದೆ, ಯಾಕಂದ್ರೆ ಅದರ ವೈರ್ ಇರುವುದೇ ಡಿಎಸ್‌ಪಿಗೆ.

ಹೋಮ್ ಫೋಲ್ಡರ್ ಉಳಿಸಿಕೊಂಡು ಇಳಿದವರು ಕಾನ್ಫಿಗ್ ಒಳಗಿನ ಪಲ್ಸ್ ಫೋಲ್ಡರನ್ನು ಅಳಿಸಿ ಲಾಗೌಟ್ ಮಾಡಿ ಬನ್ನಿ. ಹೊಸದು ಪೈಪ್‌ವೈರ್, ಹಳೆಯದು ಪಲ್ಸ್‌ಆಡಿಯೋ. ಹಿಂದಿನ ಆಯ್ಕೆಗಳು ಅಲ್ಲಿ ಸಿಕ್ಕಿಕೊಂಡು ಉಪದ್ರ ಕೊಡುತ್ತವೆ. ವಿಂಡೋಸ್ ಜೊತೆ ಡ್ಯುಯಲ್ ಬೂಟ್ ಇದ್ದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡಿ.

ಮೂಕಪೆಟ್ಟಿಗೆ

ಟೆದರಿಂಗ್‌ನಿಂದ ಆಪ್ಷನಲ್ ಅಪ್‌ಡೇಟ್ಸ್ ನೋಡಿದಾಗ ಚಿಪ್‌ಸೆಟ್, ಸೀರಿಯಲ್ ಐಒ ಎರಡೇ ಇದ್ದವು. ಎಸ್‌ಎಸ್‌ಟಿಯನ್ನು ತಯಾರಕರ ಸೆಟಪ್ ಬಿಚ್ಚಿ ಹಾಕಿದ್ದು, ಐಎನ್‌ಎಫ್‌ನಲ್ಲಿ 17763 ಇತ್ತು. ರೀಸ್ಟಾರ್ಟ್ ಆದ ಮೇಲೆ ರಿಯಲ್‌ಟೆಕ್. ಸ್ಪೀಕರ್, ಇಯರ್‌ಫೋನ್ ಎರಡೂ ಬಂತು! ಎಸ್‌ಎಸ್‌ಟಿ ಆವೃತ್ತಿ 10.29.0.5152. ಆದರೆ ಮೈಕ್ ಇಲ್ಲ. ರೆಕಾರ್ಡಿಂಗ್ ಟ್ಯಾಬ್ ಖಾಲಿ.

ಶ್ರುತಿಪೆಟ್ಟಿಗೆ

ಎಸ್‌ಎಸ್‌ಟಿ ಒಂದೇ ಡ್ರೈವರ್ ಅಲ್ಲ, ಗೊಂಚಲು. ಒಂದು ಕಂಟ್ರೋಲರ್‌ನ ಬಸ್, ಒಂದು ಡಿಎಸ್‌ಪಿಯದು (ಹೆಸರಿನಲ್ಲಿ 'ಒಇಡಿ' ಎಂದಿರುತ್ತದೆ), ಇನ್ನೊಂದು ಡಿಜಿಟಲ್ ಮೈಕ್‌ನದು. ಹಳದಿ ಗುರುತಿನ ಮೇಲೆ ಕೈಯಾರೆ ಹಾಕಿದಾಗ ಆ ಸಾಧನಕ್ಕೆ ಹೊಂದುವ ಬಸ್ ಮಾತ್ರ ಕೂತಿದೆ. ಬಸ್ ಕೂತ ಮೇಲೆ ಅದರ ಕೆಳಗೆ ಹೊಸ ಸಾಧನಗಳು ಹುಟ್ಟಿರುತ್ತವೆ. ಡಿವೈಸ್ ಮ್ಯಾನೇಜರ್‌ನ 'ವ್ಯೂ' ಮೆನುವಿನಲ್ಲಿ 'ಡಿವೈಸಸ್ ಬೈ ಕನೆಕ್ಷನ್' ಆರಿಸಿ, ಎಸ್‌ಎಸ್‌ಟಿ ಸಾಲನ್ನು ಬಿಚ್ಚಿ ನೋಡಿ. ಹೆಸರಿಲ್ಲದ ಒಂದೋ ಎರಡೋ ಸಿಗುತ್ತವೆ. ಪ್ರತಿಯೊಂದಕ್ಕೂ ಅದೇ ಫೋಲ್ಡರ್ ತೋರಿಸಿ ಅಪ್‌ಡೇಟ್ ಮಾಡಿ. 'ಫಾರ್ ಡಿಜಿಟಲ್ ಮೈಕ್ರೋಫೋನ್ಸ್' ಎಂಬ ಹೆಸರು ಬರಬೇಕು. ಬಂದ ಮೇಲೂ ಆ್ಯಪ್‌ಗಳಲ್ಲಿ ಕೇಳಿಸದಿದ್ದರೆ ಸೆಟ್ಟಿಂಗ್ಸ್, ಪ್ರೈವಸಿ, ಮೈಕ್ರೋಫೋನ್, ಅಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳ ಸ್ವಿಚ್ ಆನ್ ಇದೆಯೇ ನೋಡಿ.

ಕೆಲವರು ಪಟ್ಟಿಯಿಂದ 'ಹೈ ಡೆಫಿನಿಷನ್ ಆಡಿಯೋ ಕಂಟ್ರೋಲರ್' ಅನ್ನು ಬಲವಂತವಾಗಿ ಕೂರಿಸಿ ಸ್ಪೀಕರ್ ಬರಿಸಿಕೊಳ್ಳುತ್ತಾರೆ. ಕೆಲವು ಯಂತ್ರದಲ್ಲಿ ಕೋಡ್ 10 ಬರುತ್ತದೆ. ಬರದಿದ್ದರೂ ಮೈಕ್ ಎಂದೂ ಬಾರದು, ಕಡಲತಡಿಯವರು ಹೇಳಿದ ಕಾರಣಕ್ಕೇ.

ನಿಮ್ಮ ಆವೃತ್ತಿ ಸಂಖ್ಯೆಯ ಬಗ್ಗೆ ಒಂದು ಮಾತು. 11ನೇ ತಲೆಮಾರಿನ ಯಂತ್ರದಲ್ಲಿ 10.29.0.5152 ಅಥವಾ 10.30.0.5152 ಇದ್ದರೆ ವಿಂಡೋಸ್ 11 22ಎಚ್2ಗೆ ಹೋದಾಗ ನೀಲಿ ಪರದೆ ಬರುತ್ತಿತ್ತು. ಮೈಕ್ರೋಸಾಫ್ಟ್ ಅಂಥ ಯಂತ್ರಗಳ ಅಪ್‌ಗ್ರೇಡನ್ನೇ ತಡೆಹಿಡಿದಿತ್ತು. 10ರಲ್ಲಿ ಇದರಿಂದ ತೊಂದರೆಯಿಲ್ಲ. ಮುಂದೆ ಮತ್ತೆ 11ಕ್ಕೆ ಹೋಗುವುದಾದರೆ ಮೊದಲು ಕೊನೆಯ ಭಾಗ 5714 ಅಥವಾ ಹೆಚ್ಚಿರುವ ಆವೃತ್ತಿ ಹಾಕಿಕೊಳ್ಳಿ. ಇಲ್ಲಿ 10.29 ದೊಡ್ಡದೋ 10.30 ದೊಡ್ಡದೋ ಎಂಬುದು ಮುಖ್ಯವಲ್ಲ, ಕೊನೆಯ ಭಾಗವನ್ನೇ ನೋಡಿ. ಹೋಗುವ ದಿನ ಬಂದೇ ಬರುತ್ತದೆ: 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಎಸ್‌ಯು (ಬೆಂಬಲ ಮುಗಿದ ಮೇಲಿನ ವಿಸ್ತರಿತ ಭದ್ರತಾ ಅಪ್‌ಡೇಟ್) ನೋಂದಣಿ ಮಾಡಿಕೊಂಡ ಮನೆಬಳಕೆಯ ಯಂತ್ರಗಳಿಗೂ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ.

ಮೂಕಪೆಟ್ಟಿಗೆ

ಹೆಸರಿಲ್ಲದ ಎರಡು ಸಾಧನ ಸಿಕ್ಕವು. ಮೈಕ್ ಬಂತು. ವಿಂಡೋಸ್ ಅಪ್‌ಡೇಟ್ ಇದನ್ನು ಮತ್ತೆ ಬದಲಿಸಿ ಕೆಡಿಸುವ ಸಾಧ್ಯತೆ ಇದೆಯೇ?

ಪೇಡೆ_ಪ್ರಿಯ

ಅದ. ಕೆಟ್ಟರ ಆ ಸಾಧನದ ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, 'ರೋಲ್ ಬ್ಯಾಕ್ ಡ್ರೈವರ್' ಒತ್ರಿ. ಎಸ್‌ಎಸ್‌ಟಿ, ರಿಯಲ್‌ಟೆಕ್ ಎರಡರದೂ ತಾರೀಖು ನೋಡಿ, ಯಾವುದು ಹೊಸದಾಗಿ ಬದಲಾಗೇದ ಅದನ್ನಷ್ಟ ಹಿಂದಕ್ಕ ತರ್ರಿ.

ಶ್ರುತಿಪೆಟ್ಟಿಗೆ

ಇವತ್ತೇ ಒಂದು ನಕಲು ಕೂಡ ಮಾಡಿಟ್ಟುಕೊಳ್ಳಿ. ಡಿ ಡ್ರೈವ್‌ನಲ್ಲಿ ಖಾಲಿ ಫೋಲ್ಡರ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು: ಪಿಎನ್‌ಪಿಯುಟಿಲ್, ಜಾಗ, /ಎಕ್ಸ್‌ಪೋರ್ಟ್-ಡ್ರೈವರ್, ಜಾಗ, ನಕ್ಷತ್ರ ಚಿಹ್ನೆ, ಜಾಗ, ಫೋಲ್ಡರಿನ ದಾರಿ. ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ. ಹೊರಗಿನಿಂದ ಹಾಕಿದ ಎಲ್ಲ ಡ್ರೈವರ್‌ಗಳೂ ಐಎನ್‌ಎಫ್ ಸಮೇತ ಬಂದು ಬೀಳುತ್ತವೆ. ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, ವೈಫೈ ಡ್ರೈವರ್ ಅದರಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.